ಗುಂಡಮ್ಮನ ತಲೆಯ ಮೇಲೊಂದು ಸೂರು

ನಮ್ಮ ಮನೆಯಲ್ಲೊಂದು ಕರೀ ಕೊಡೆ ಇದೆ. ಮನೆಯಲ್ಲಿ ಎಂದರೆ ತಪ್ಪಾದೀತು, ಕಾರಿನಲ್ಲಿದೆ. ಕಾರಿನಲ್ಲೊಂದು ಕೊಡೆ ಇರುವುದೇನು ಮಹಾ ಎಂದು ನೀವು ಮೂಗು ಮುರಿಯುವ ಮೊದಲೇ ಹೇಳಿಬಿಡುತ್ತೇನೆ, ಅದಿರುವುದು ಕಾರಿನಿಂದ ಇಳಿದ ಮೇಲೆ ಹಿಡಿಯುವುದಕ್ಕಲ್ಲ, ಕಾರಿನೊಳಗೆ ಕೂತು ಹಿಡಿಯುವುದಕ್ಕೆ. ಮೊನ್ನೆ ಅದರ ಕಡ್ಡಿಯೊಂದು ಸಡಿಲವಾಗಿದೆಯೆಂದು ಸರಿಮಾಡಲು ಕೂತವಳು ಕಡ್ಡಿ ಬಿಟ್ಟು ನಗುತ್ತಾ ಕೂತೆ. ಅರವತ್ತರ ಹತ್ತಿರ ಬಂದ ಹೆಂಗಸು ಸರಸ್ವತಿಪುರಂನ ಮನೆಯ ಜಗಲಿಯಲ್ಲಿ ಒಬ್ಬಳೇ ಕೊಡೆ ನೋಡಿಕೊಂಡು ನಗುತ್ತಿದ್ದರೆ ಪಕ್ಕದವರು ಏನೆಂದುಕೊಂಡಾರು? ಅದಕ್ಕೇ ನಿಮಗೂ ಹೇಳುತ್ತಿದ್ದೇನೆ. ಇಬ್ಬರು ಸೇರಿ ನಕ್ಕರೆ ಅದಕ್ಕೆ ಯಾರೂ ಹುಚ್ಚು ಅನ್ನುವುದಿಲ್ಲ.

ಚಿಕ್ಕವಳಿದ್ದಾಗ ಎಲ್ಲರ ಕಾರೂ ಹೀಗೇ ಎಂದುಕೊಂಡಿದ್ದೆ. ಮಳೆ ಬಂದರೆ ಹಿಂದಿನ ಸೀಟಿನಲ್ಲಿ ನಡುವೆ ಕೂತವರು ಕೊಡೆ ಬಿಚ್ಚಬೇಕು, ಎಡಬಲದವರು ಕಡ್ಡಿಗಳಿಂದ ಕಣ್ಣು ಕಾಪಾಡಿಕೊಳ್ಳಬೇಕು, ಮುಂದೆ ಕೂತವರು ದೇವರ ನಾಮ ಹೇಳಿಕೊಳ್ಳಬೇಕು. ಮೂರನೇ ಕ್ಲಾಸಿನಲ್ಲಿದ್ದಾಗ ಒಮ್ಮೆ ಜೋರು ಮಳೆ ಬಂದು, ಗೆಳತಿಯ ಅಪ್ಪ ನನ್ನನ್ನು ತಮ್ಮ ಕಾರಿನಲ್ಲಿ ಮನೆಗೆ ಬಿಡಲು ಹೊರಟರು. ಹತ್ತಿ ಕೂತವಳೇ, "ಅಂಕಲ್, ನಿಮ್ಮ ಕಾರಿನ ಕೊಡೆ ಎಲ್ಲಿ?" ಎಂದು ಕೇಳಿದೆ. "ಕಾರಿಗ್ಯಾಕಮ್ಮ ಕೊಡೆ?" ಎಂದರು. ಮನೆಗೆ ಬಂದು ಅಮ್ಮನ ಹತ್ತಿರ, "ಪಾಪ, ಅವರು ಬಡವರು ಕಣಮ್ಮ, ಕಾರಿಗೆ ಕೊಡೇನೂ ಇಲ್ಲ" ಎಂದು ಮರುಗಿದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಹೋದಳು. ಅಪ್ಪ ಮಾತ್ರ ನಗಲಿಲ್ಲ. ಆ ಕೊಡೆಯ ವಿಷಯ ಬಂದಾಗಲೆಲ್ಲ ಅಪ್ಪ ಪೇಪರಿನ ಹಿಂದೆ ಅಡಗಿಕೊಳ್ಳುತ್ತಿದ್ದರು.

ಕಾರಣ ಇತ್ತು. ಕಾರು ನನ್ನ ತಾತನದು. ಊರು ಬಿಟ್ಟು ಹೋಗುತ್ತಿದ್ದ ಡಾಕ್ಟರೊಬ್ಬರಿಂದ ಅದು ತಾತನ ಕೈಗೆ ಬರುವ ಹೊತ್ತಿಗೇ ಅದಕ್ಕೆ ನಡುವಯಸ್ಸು. ದುಂಡು ದುಂಡಾದ ಮೈ, ಉಬ್ಬಿದ ಎರಡು ದೀಪ, ಬಾಟಲಿಯ ಹಸಿರು ಬಣ್ಣ. ಮನೆಯ ಹೆಂಗಸರು ಗುಂಡಮ್ಮ ಎಂದು ಹೆಸರಿಟ್ಟರು. ತಾತ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದರು. ಶಾಲೆಯಲ್ಲೂ ಮನೆಯಲ್ಲೂ ಅವರು ಬೈದದ್ದನ್ನು ಕೇಳಿದವರಿಲ್ಲ, ನಕ್ಕಿದ್ದನ್ನು ನೋಡಿದವರೂ ಇಲ್ಲ. ಬಿಡುವಿದ್ದಾಗ ನೆಂಟರಿಷ್ಟರ ಕೆಟ್ಟ ಗಡಿಯಾರಗಳನ್ನು ಬಿಚ್ಚಿ ಅರದಿಂದ ಉಜ್ಜುತ್ತಾ ಕೂರುತ್ತಿದ್ದರಂತೆ. ಆಗ ಮನೆ ಇದ್ದದ್ದು ನಜರ್‌ಬಾದಿನಲ್ಲಿ. ಎದುರು ಮನೆಯ ಶ್ಯಾಮರಾಯರಿಗೂ ಒಂದು ಕಾರಿತ್ತು. ಆಯುಧಪೂಜೆ ಬಂತೆಂದರೆ ಯಾರ ಕಾರು ಹೆಚ್ಚು ಶೃಂಗಾರವಾಯಿತು ಎಂದು ಬೀದಿಗೆ ಬೀದಿಯೇ ಪಂಚಾಯಿತಿ ಕೂರುತ್ತಿತ್ತು. ಪ್ರತಿ ವರ್ಷವೂ ಶ್ಯಾಮರಾಯರದೇ ಮೇಲಾಗುತ್ತಿತ್ತು, ಅವರ ಮನೆಯ ಹಿತ್ತಲಿನಲ್ಲಿ ಚೆಂಡುಹೂವು ಬೆಳೆಯುತ್ತಿದ್ದರು.

ಅಪ್ಪನಿಗೆ ಆಗ ಹದಿನೇಳು. ಈ ಅವಮಾನ ಸಹಿಸಲಾರದೆ ಒಂದು ಆಯುಧಪೂಜೆಯ ಬೆಳಿಗ್ಗೆ, ತಾತ ಸ್ನಾನಕ್ಕೆ ಹೋದ ಹೊತ್ತು ನೋಡಿ, ಅಪ್ಪ ಉಳಿ ಸುತ್ತಿಗೆ ಹಿಡಿದು ಗುಂಡಮ್ಮನ ನೆತ್ತಿಗೆ ಏರಿದರು. ಎಲ್ಲರೂ ಬಾಳೆಕಂದನ್ನು ಕಾರಿನ ಮೂತಿಗೆ ಕಟ್ಟುತ್ತಾರೆ. ಹಾಗಲ್ಲದೆ ಕಾರಿನೊಳಗೇ ನಿಲ್ಲಿಸಿ, ಅದು ಸೂರಿನಿಂದ ಮೇಲೆದ್ದು ಮಂಟಪದ ಹಾಗೆ ಎಲೆ ಬೀಸುತ್ತಿದ್ದರೆ ಹೇಗಿದ್ದೀತು! ಈ ಕಲ್ಪನೆ ಬಂದ ಮೇಲೆ ತಡೆಯುವವರು ಯಾರು? ಸ್ನಾನದ ಮನೆಯಿಂದ ಮಂತ್ರ, ಹೊರಗಿಂದ ಟಣಟಣ ಸದ್ದು. ಹಬ್ಬದ ದಿನ ಎಲ್ಲ ಮನೆಯಲ್ಲೂ ಏನಾದರೊಂದು ಸದ್ದು ಇದ್ದೇ ಇರುವುದರಿಂದ ಯಾರೂ ಕಿವಿಗೊಡಲಿಲ್ಲ. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲದ ಕಂಡಿ ಕೊರೆದು, ಎರಡು ಬಾಳೆಕಂದು ನೆಟ್ಟು, ಮಾವಿನ ತೋರಣ ಕಟ್ಟಿ ಅಪ್ಪ ಕೆಳಗಿಳಿದರು. ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಹೇಳಿದವಳು. ಬಾಳೆ ಮರವೇ ಅಲ್ಲ, ಗಟ್ಟಿ ಕಾಂಡವೇ ಇಲ್ಲದ ಬರೀ ಗಿಡ ಎಂದು ಒಮ್ಮೆ ಅಪ್ಪನಿಗೆ ಹೇಳಿದಾಗ, "ಅದನ್ನ ಅವತ್ತೇ ಹೇಳೋರು ಯಾರಾದ್ರೂ ಇದ್ದಿದ್ರೆ ಚಿಕ್ಕ ತೂತು ಮಾಡ್ತಿದ್ದೆ" ಎಂದಿದ್ದರು.

ತಾತ ಪಂಚೆಯುಟ್ಟು ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ನೋಡಿದರು. ಶ್ಯಾಮರಾಯರೂ ನೋಡಿದರು. ತಾತ ಒಂದು ಮಾತೂ ಆಡದೆ ಕುಂಕುಮ ಹಚ್ಚಿ, ಆರತಿ ಎತ್ತಿ, ಬೂದುಗುಂಬಳಕಾಯಿ ಒಡೆಸಿ, ವಾಡಿಕೆಯಂತೆ ಅರಮನೆ ಸುತ್ತ ಒಂದು ಸುತ್ತು ಹೋಗಿಬರಲು ಹಿಂದಿನ ಸೀಟಿನಲ್ಲಿ ಕೂತರು. ದಸರಾ ಕಾಲದ ಮಳೆ ನಿಮಗೆ ಗೊತ್ತಲ್ಲ, ನೆಂಟರ ಹಾಗೆ ಹೇಳದೆ ಬರುತ್ತದೆ. ಬಂತು. ತಾತ ಇಳಿದು ಮನೆಯೊಳಗೆ ಹೋಗಿ ಕರೀ ಕೊಡೆ ತಂದು, ಬಾಳೆಕಂದುಗಳ ನಡುವೆ ನೆಟ್ಟಗೆ ಕೂತು, ಕೊಡೆ ಬಿಚ್ಚಿ, "ಹೊರಡು" ಎಂದರು. ಅವರ ಮುಖ ಕಾಣಲಿಲ್ಲ. ಅಪ್ಪ ಕಾರು ಓಡಿಸಿದರು. ಮೈಸೂರಿಗೆ ಮೈಸೂರೇ ನಿಂತು ನೋಡಿತಂತೆ.

ಆಮೇಲೆ ಕಂಡಿಗೆ ಟಾರು ಬಳಿದ ಕ್ಯಾನ್ವಾಸು ಬಂತು. ಅದು ಸೋರಿತು. ತಾತ ಬದುಕಿರುವ ತನಕ ಆ ಕಾರಿನಲ್ಲಿ ಮಳೆ ಬಂದಾಗಲೆಲ್ಲ ಕೊಡೆ ಬಿಚ್ಚಿದರು, ಒಮ್ಮೆಯೂ ಮಗನನ್ನು ಬೈಯಲಿಲ್ಲ. ಬೈದಿದ್ದರೆ ಅಂದೇ ಮುಗಿಯುತ್ತಿತ್ತು. ಬೈಯದ್ದರಿಂದ ಅಪ್ಪನ ಎದೆಯಲ್ಲಿ ಅದು ಅರವತ್ತೇಳು ವರ್ಷ ಕೂತಿತು.

ಹೋದ ಆಷಾಢದಲ್ಲಿ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಅಪ್ಪ ಘೋಷಿಸಿದರು. "ವಸೂ, ಈ ಆಯುಧಪೂಜೆ ಹೊತ್ತಿಗೆ ಗುಂಡಮ್ಮನ ತಲೆ ಮುಚ್ಚಿಸಬೇಕು ಕಣೇ. ನಂಗೆ ಎಂಬತ್ನಾಲ್ಕಾಯ್ತು. ಮೇಲೆ ಹೋದ್ರೆ ಅಪ್ಪ ಮೊದಲು ಕೇಳೋದೇ ಅದನ್ನ. ಏನ್ ಹೇಳ್ಲಿ?"

ನಗು ಬಂತು. ಅಪ್ಪನ ಮುಖ ನೋಡಿದೆ, ನಗು ಹೋಯಿತು.

ಗುಂಡಮ್ಮ ಆಗ ಶೆಡ್ಡಿನಲ್ಲಿ ಮಲಗಿದ್ದಳು. ಎಂಜಿನ್ನು ಕೆಮ್ಮಿಕೊಂಡಾದರೂ ಓಡುತ್ತಿತ್ತು. ಸೂರು ಮಾತ್ರ ಕ್ಯಾನ್ವಾಸಿನಡಿಯ ನೀರು ಕುಡಿದೂ ಕುಡಿದೂ ರಾಗಿ ಜರಡಿಯಾಗಿತ್ತು. ಉದಯಗಿರಿಯ ರಹಮತ್ ಸಾಹೇಬರನ್ನು ಕರೆಸಿದೆವು. ಹಳೇ ಕಾರುಗಳ ಟಿಂಕರಿಂಗ್ ಕೆಲಸದಲ್ಲಿ ತಲೆ ಹಣ್ಣಾದವರು. ಅವರು ಸೂರಿನ ಮೇಲೆ ಬೆರಳಿನಿಂದ ತಟ್ಟಿದರು, ಬೆರಳು ಒಳಗೆ ಹೋಯಿತು.

"ಇದಕ್ಕೆ ತೇಪೆ ಹಾಕೋಕಾಗಲ್ಲ ಅಮ್ಮ. ಬಟ್ಟೆ ಇದ್ರೆ ತಾನೇ ತೇಪೆ?" ಎಂದರು. "ಇದೇ ಜಾತಿ ಇನ್ನೊಂದು ಗಾಡಿ ಹುಡುಕಿ. ಅದರ ಸೂರು ಕಳಚಿ ಇದಕ್ಕೆ ಕೂರಿಸ್ತೀನಿ."

"ಅಂದ್ರೆ ಕಿಡ್ನಿ ಹಾಕ್ದಂಗೆ?" ಎಂದೆ.

"ಅಂಗೇ ಅಂದ್ಕೊಳ್ಳಿ. ಆದ್ರೆ ಕಿಡ್ನಿ ಎಷ್ಟೋ ಸುಲಭ, ಅಲ್ಲಿ ಬಾಗಿಲು ಮುಚ್ಚುತ್ತೋ ಇಲ್ವೋ ನೋಡ್ಬೇಕಿಲ್ಲ."

ಅಂದಿನಿಂದ ನಾವು ದಾನಿಯ ಬೇಟೆಗೆ ಇಳಿದೆವು. ಕಡೆಗೆ ಸುದ್ದಿ ಬಂದದ್ದು ಬನ್ನೂರಿನ ಕಡೆಯ ಒಂದು ಹಳ್ಳಿಯಿಂದ. ಗುಂಡಮ್ಮನ ಅವಳಿಯೊಬ್ಬಳು ಅಲ್ಲಿ ಚಕ್ರವಿಲ್ಲದೆ, ಎಂಜಿನ್ನಿಲ್ಲದೆ, ಒಂದು ಮನೆಯ ಹಿತ್ತಲಿನಲ್ಲಿ ಕೋಳಿಗೂಡಾಗಿ ಬಾಳುತ್ತಿದ್ದಳು. ಸ್ಟೀರಿಂಗಿನ ಮೇಲೊಂದು ಹುಂಜ, ಹಿಂದಿನ ಸೀಟಿನ ಜಾಗದಲ್ಲಿ ಕಾವು ಕೂತ ಹೇಂಟೆ. ಸೂರು ಮಾತ್ರ ಇಡಿಯಾಗಿತ್ತು. ಅಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ಸವರಿದರು. ಹುಂಜ ಅಪ್ಪನ ಕೈ ಕುಕ್ಕಿತು.

ಮನೆಯೊಡತಿ ಚಿಕ್ಕತಾಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು. "ತಕೊಂಡೋಗಿ ಸಾಮಿ, ನಾನ್ ಬ್ಯಾಡ ಅಂತೀನಾ? ಆದ್ರೆ ನಿಮ್ಮ ಕಾರ್ಗೆ ಮುಚ್ಗೆ ಆಯ್ತದೆ, ನಮ್ಮ ಕೋಳಿಗ್ಳು ಮಳೇಲಿ ಎಲ್ಲಿಗೋಗ್ಬೇಕು? ಅವುಕ್ಕೊಂದು ಮನೆ ಕಟ್ಕೊಟ್ಟು ತಕೊಂಡೋಗಿ."

ನ್ಯಾಯವಾದ ಮಾತು. ನಾವು ಗೃಹನಿರ್ಮಾಣಕ್ಕೆ ಇಳಿದೆವು. ಸರಸ್ವತಿಪುರಂನಿಂದ ಬಂದ ನಿವೃತ್ತ ಅಧ್ಯಾಪಕಿ ಬಿದಿರು ಗಳುವಿನ ಕಂಬ ಹಿಡಿದು ನಿಂತಳು, ಎಂಬತ್ನಾಲ್ಕರ ಅಪ್ಪ ಕುರ್ಚಿಯಲ್ಲಿ ಕೂತು ಸತುವಿನ ತಗಡಿನ ವಾಸ್ತು ಹೇಳಿದರು, ಚಿಕ್ಕತಾಯಮ್ಮ ನಮ್ಮಿಬ್ಬರ ಕೆಲಸವನ್ನೂ ಬಿಚ್ಚಿ ಮತ್ತೆ ತಾವೇ ಕಟ್ಟಿದರು. ಕೋಳಿಗಳು ಒಪ್ಪಿ ಒಳಹೊಕ್ಕ ಮೇಲೆ ರಹಮತ್ ಸಾಹೇಬರು ಆ ಕಾರಿನ ಸೂರು ಹೊತ್ತ ಕಂಬಗಳನ್ನು ಬೇಕಾದ್ದಕ್ಕಿಂತ ಒಂದು ಗೇಣು ಕೆಳಗೇ ಕತ್ತರಿಸಿ ಸೂರು ಇಳಿಸಿದರು. ಹೆಚ್ಚಿದ್ದರೆ ಆಮೇಲೆ ಕತ್ತರಿಸಬಹುದು, ಕಡಿಮೆಯಾದರೆ ಬೆಳೆಸಲಾಗದು ಎಂಬುದು ಅವರ ಶಾಸ್ತ್ರ. ಲಗೇಜ್ ಆಟೋದಲ್ಲಿ ಸೂರನ್ನು ಬೋರಲು ಹಾಕಿದರೆ ಜಾರುತ್ತದೆಂದು ಅಂಗಾತ ಮಲಗಿಸಿ ತಂದೆವು. ಊರೊಳಗೆ ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವರು ಬಹಳ ಹೊತ್ತು ಅದನ್ನೇ ನೋಡಿ, "ಏನ್ರೀ ಬಾಣಲೆ ಇದು! ಯಾವ ಛತ್ರದಲ್ಲಿ ಮದುವೆ?" ಎಂದು ಕೇಳಿದರು. ಅಪ್ಪ ಗಂಭೀರವಾಗಿ, "ಆಯುಧಪೂಜೆಗೆ ಎಲ್ಲಾ ಬನ್ನಿ" ಎಂದು ಕರೆದೇಬಿಟ್ಟರು.

ಉದಯಗಿರಿಯ ಶೆಡ್ಡಿನಲ್ಲಿ ಶಸ್ತ್ರಚಿಕಿತ್ಸೆ ಶುರುವಾಯಿತು. ಮೊದಲು ಗುಂಡಮ್ಮನ ಹೊಟ್ಟೆಯೊಳಗೆ ಅಡ್ಡಡ್ಡಲಾಗಿ ಕಬ್ಬಿಣದ ಸಲಾಕೆ ಬೆಸೆದರು. ಹಾಗೆ ಮಾಡದಿದ್ದರೆ ಸೂರು ತೆಗೆದ ಕೂಡಲೇ ಮೈ ಅಗಲವಾಗಿಬಿಡುತ್ತದಂತೆ, ರವಿಕೆಯ ಗುಂಡಿ ಬಿಚ್ಚಿದ ಹಾಗೆ. ಈ ಹೋಲಿಕೆ ನನ್ನದು, ರಹಮತ್ ಸಾಹೇಬರು ಮರ್ಯಾದಸ್ಥರು. ಆಮೇಲೆ ಅಂಚಿನುದ್ದಕ್ಕೂ ಇದ್ದ ಚುಕ್ಕೆ ಬೆಸುಗೆಗಳನ್ನು ಒಂದೊಂದಾಗಿ ಕೊರೆದು ಹಳೇ ಸೂರು ಎತ್ತಿದರು. ಹೊಸದನ್ನು ಇಟ್ಟರು, ಬಾಗಿಲು ಮುಚ್ಚಿ ನೋಡಿದರು, ತೆಗೆದರು, ಒಂದು ಕೂದಲೆಳೆ ಕತ್ತರಿಸಿದರು, ಮತ್ತೆ ಇಟ್ಟರು. ಈ ಇಡು, ತೆಗೆ, ಕತ್ತರಿಸು ಹತ್ತು ದಿನ ನಡೆಯಿತು. ಅಪ್ಪ ದಿನವೂ ಹೋಗಿ ಸಲಾಕೆಗಳ ನಡುವೆ ನುಸುಳಿ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಶೆಡ್ಡೂ ಸೋರುತ್ತಿತ್ತು, ಮಳೆ ಹನಿದರೆ ಕೊಡೆ ಇದ್ದೇ ಇತ್ತು.

ಹಬ್ಬಕ್ಕೆ ಇನ್ನು ಒಂದೇ ವಾರ ಇರುವಾಗ ರಹಮತ್ ಸಾಹೇಬರು ಮುಖ ಚಿಕ್ಕದು ಮಾಡಿಕೊಂಡರು. ಸೂರಿನ ಹಿಂದಿನ ಮೂಲೆಯ ಬಣ್ಣ ಕೆರೆದಾಗ ಒಳಗೆಲ್ಲ ಟೊಳ್ಳು. ಅಷ್ಟು ವರ್ಷ ಕೋಳಿಗಳು ಅಲ್ಲೇ ಕೂತು ಮಾಡಬಾರದ್ದು ಮಾಡಿ ಕಬ್ಬಿಣವನ್ನು ತಿಂದುಹಾಕಿದ್ದವು.

"ಒಂದು ಗೇಣಗಲ ತಗಡು ಬೇಕಮ್ಮ. ಈಗಿನ ತಗಡು ಹಪ್ಪಳ ಇದ್ದಂಗೆ, ವೆಲ್ಡಿಂಗ್ ಬೆಂಕಿ ತಾಕಿದ್ರೆ ಸುರುಟ್ಕೊಳುತ್ತೆ. ಹಳೇ ಕಾಲದ್ದು, ದಪ್ಪ, ಸ್ವಲ್ಪ ಬಾಗಿರೋದು ಸಿಕ್ರೆ ಹಬ್ಬಕ್ಕೆ ಗಾಡಿ ನಿಮ್ಮನೇಲಿರುತ್ತೆ. ಇಲ್ಲಾಂದ್ರೆ ಇಲ್ಲ."

ಅಪ್ಪ ಮನೆಗೆ ಬಂದು ಊಟ ಬೇಡವೆಂದು ಮಲಗಿದರು.

ಹಪ್ಪಳ ಎಂದರಲ್ಲ, ಆ ಮಾತು ನನ್ನ ತಲೆಯಲ್ಲೇ ಉಳಿದಿತ್ತು. ನಮ್ಮ ತಾರಸಿಯಲ್ಲಿ ಒಂದು ತಗಡಿದೆ. ನಜರ್‌ಬಾದಿನ ಮನೆಯಿಂದ ಬಂದದ್ದು. ಬೇಸಿಗೆಯಲ್ಲಿ ಅದರ ಮೇಲೆ ಹಳೇ ಪಂಚೆ ಹಾಸಿ ಸಂಡಿಗೆ ಇಡುವುದು. ತಗಡು ಕಾದರೆ ಸಂಡಿಗೆ ಕೆಳಗಿಂದಲೂ ಒಣಗುತ್ತದೆ. ಬಾಲ್ಯದ ಎಷ್ಟು ರಜಾ ದಿನಗಳನ್ನು ನಾನು ಅದರ ಪಕ್ಕ ಕೋಲು ಹಿಡಿದು ಕಾಗೆ ಕಾಯುತ್ತಾ ಕಳೆದಿಲ್ಲ! ಕಾಗೆಗಳಿಗಿಂತ ನಾನು ತಿಂದದ್ದೇ ಹೆಚ್ಚು. ಅರೆ ಒಣಗಿದ ಸಂಡಿಗೆಯ ಆ ಹುಳಿಖಾರದ ರುಚಿ ಬಲ್ಲವರೇ ಬಲ್ಲರು. ಅಪ್ಪನಿಗೆ ಮಾತ್ರ ಸಂಡಿಗೆಯ ದಿನಗಳಲ್ಲಿ ತಾರಸಿ ನಿಷಿದ್ಧ. ಹುಡುಗನಾಗಿದ್ದಾಗ ಅರ್ಧ ಪಾತ್ರೆ ಸಂಡಿಗೆ ಹಿಟ್ಟು ಕುಡಿದ ಅಪರಾಧಕ್ಕೆ ಅವರ ತಂಗಿ ಪದ್ದತ್ತೆ ವಿಧಿಸಿದ ಶಿಕ್ಷೆ ಅದು. ನಮ್ಮ ಜೊತೆಗೇ ಇರುವ ಪದ್ದತ್ತೆಗೆ ಈಗ ಎಂಬತ್ತು. ಶಿಕ್ಷೆ ಇನ್ನೂ ಜಾರಿಯಲ್ಲಿದೆ, ತಗಡೂ ಆಕೆಯ ಸಾಮ್ರಾಜ್ಯವೇ.

ಕೇಳಿದರೆ ಕೊಡುವುದಿಲ್ಲ ಎಂದು ಗೊತ್ತಿತ್ತು. ಮರುದಿನ ಪದ್ದತ್ತೆ ದೇವರ ಮನೆಗೆ ಹೋದ ಹೊತ್ತು ನೋಡಿ ತಗಡು ಇಳಿಸಿ, ಅಪ್ಪನನ್ನು ಎಬ್ಬಿಸಿಕೊಂಡು ಆಟೋ ಹತ್ತಿದೆ. ಹಿರಿಯರು ಸ್ನಾನಕ್ಕೋ ಪೂಜೆಗೋ ಹೋದಾಗ ಕಳ್ಳತನ ಮಾಡುವುದು ನಮ್ಮ ವಂಶದಲ್ಲೇ ಇದೆ, ನೋಡಿ.

ರಹಮತ್ ಸಾಹೇಬರು ತಗಡನ್ನು ಬೆಳಕಿಗೆ ಹಿಡಿದು, ತೂಗಿ ನೋಡಿ, "ಇದೇ, ಇದೇ!" ಎಂದರು. ತಂತಿ ಬ್ರಷ್ಷಿನಿಂದ ಉಜ್ಜಿದರು. ವರ್ಷವರ್ಷಗಳ ಗಂಜಿ, ಧೂಳು, ತುಕ್ಕು ಉದುರಿದವು. ಅದರಡಿಯಿಂದ ಬಾಟಲಿಯ ಹಸಿರು ಬಣ್ಣ ಮೇಲೆದ್ದಿತು. ಸಾಹೇಬರು ಗುಂಡಮ್ಮನ ಬಾಗಿಲನ್ನೂ ತಗಡನ್ನೂ ಒಂದಾದ ಮೇಲೊಂದು ನೋಡಿದರು. ಪಕ್ಕದಲ್ಲಿ ಬಿದ್ದಿದ್ದ ಹಳೇ ಸೂರಿನ ಕಂಡಿಯ ಮೇಲೆ ಅದನ್ನಿಟ್ಟರು. ಸರಿಯಾಗಿ ಕೂತಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ನಮ್ಮ ಕಥೆ.

"ಇದು ನಾನ್ ಕತ್ತರಿಸಿದ್ದು," ಎಂದರು ಅಪ್ಪ. "ಅಪ್ಪ ಇದನ್ನ ಬಿಸಾಕಿದಾರೆ ಅಂದ್ಕೊಂಡಿದ್ದೆ."

ಆಗಲೇ ಹೊರಗೆ ಇನ್ನೊಂದು ಆಟೋ ನಿಂತಿತು. ಮಡಿ ಸೀರೆಯಲ್ಲೇ ಪದ್ದತ್ತೆ ಇಳಿದರು. "ಎಲ್ಲೇ ನನ್ನ ತಗಡು? ಕಳ್ಳಿ! ಅಪ್ಪನ ಬುದ್ಧಿ ಎಲ್ಲೋಗುತ್ತೆ!"

ಅಪ್ಪ ಮೆಲ್ಲಗೆ ತಿರುಗಿದರು. "ಪದ್ದೂ, ಇದೇನು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ನೀನು ಕೊರೆದು ಹಾಕಿದ್ದು. ಅಪ್ಪ ಮೂರು ದಿನ ಕೂತು ಅದರ ಅಂಚಿಗೆ ಅರ ಹಾಕಿದ್ರು. ನೀನು ಗರಗಸದ ಹಲ್ಲಿನ ಥರ ಕೊರೆದಿದ್ದೆ, ಮುಟ್ಟಿದ್ರೆ ಕೈ ಕುಯ್ಯೋದು. ಮಕ್ಕಳಿರೋ ಮನೆ ಅಂತ ಉಜ್ಜಿ ಉಜ್ಜಿ ನುಣ್ಣಗೆ ಮಾಡಿ ಅಮ್ಮನ ಕೈಗೆ ಕೊಟ್ರು, ಸಂಡಿಗೆಗಾಯ್ತು ಅಂತ."

ನಾನು ಅಂಚಿನ ಮೇಲೆ ಬೆರಳಾಡಿಸಿದೆ. ಬಳೆಯ ಅಂಚಿನಷ್ಟು ನುಣುಪು. ಬಾಲ್ಯವಿಡೀ ಅದರ ಪಕ್ಕ ಕೂತಿದ್ದೆ, ಒಮ್ಮೆಯೂ ಕೈ ಗೀರಿರಲಿಲ್ಲ. ಯಾಕೆಂದು ಯೋಚಿಸಿಯೂ ಇರಲಿಲ್ಲ.

"ನನ್ನ ಮೇಲೆ ಅಷ್ಟು ಕೋಪ ಇಟ್ಕೊಂಡು ಅರ ಹಾಕಿದ್ರಾ?" ಎಂದರು ಅಪ್ಪ.

"ಕೋಪ ಎಲ್ಲಿತ್ತು ಅಣ್ಣಯ್ಯ? ಅವತ್ತು ಅರಮನೆ ಸುತ್ತಿ ಬಂದೋರೇ ಕೋಣೆ ಸೇರಿ ಬಾಗಿಲು ಹಾಕ್ಕೊಂಡು ನಕ್ಕಿದ್ದೇ ನಕ್ಕಿದ್ದು. ಕಣ್ಣಲ್ಲೆಲ್ಲ ನೀರು. ನಾನು ಅಮ್ಮ ಹೆದರಿಬಿಟ್ವಿ. 'ಅವನ ಮುಂದೆ ನಕ್ಕುಬಿಟ್ರೆ ಮುಂದಿನ ವರ್ಷ ಮನೆ ತಾರಸೀನೇ ಕೊರೀತಾನೆ, ಸುಮ್ನಿರಿ' ಅಂದ್ರು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀನು?"

"ನೀನು ಯಾವತ್ತು ಕೇಳಿದೆ? ಸಂಡಿಗೆ ಬೇಕು ಅಂತ ಕೇಳಿದೀಯ, ತಗಡಿನ ಪುರಾಣ ಕೇಳಿದೀಯಾ?"

ಅಪ್ಪ ಅಲ್ಲೇ ಇದ್ದ ಟೈರಿನ ಮೇಲೆ ಕುಸಿದು ಕೂತರು. ಅಳುತ್ತಿದ್ದರು. ನನಗೂ ಅಳು ಬಂತು, ಯಾಕೆ ಮುಚ್ಚಿಡಲಿ? ರಹಮತ್ ಸಾಹೇಬರು ಟೀ ತರಿಸಿದರು. ಮಡಿಯಲ್ಲಿದ್ದ ಪದ್ದತ್ತೆ ನನ್ನ ಲೋಟವನ್ನೇ ಕಿತ್ತುಕೊಂಡು ಕುಡಿದರು.

ತಗಡಿನ ಒಂದು ಪಕ್ಕದಿಂದ ಗೇಣಗಲ ತೆಗೆಯುವುದೆಂದು ತೀರ್ಮಾನವಾಯಿತು. ಸಾಹೇಬರು ಸೀಮೆಸುಣ್ಣವನ್ನು ಅಪ್ಪನ ಕೈಗೆ ಕೊಟ್ಟು, "ನೀವೇ ಗೆರೆ ಹಾಕಿ ಸ್ವಾಮಿ" ಎಂದರು. ಅಪ್ಪ ಕೈ ಹಿಂದೆ ಕಟ್ಟಿಕೊಂಡು, "ನಾನು ಕತ್ತರಿಸೋ ಕೆಲಸ ಬಿಟ್ಟು ಅರವತ್ತೇಳು ವರ್ಷ ಆಯ್ತು" ಎಂದರು. ಕತ್ತರಿಸಿ ಉಳಿದ ತುಂಡನ್ನು ಮಾತ್ರ ಮನೆಗೆ ತಂದು, ತಾತನ ಗಡಿಯಾರದ ಪೆಟ್ಟಿಗೆಯಿಂದ ಅರ ಹುಡುಕಿ ತೆಗೆದು, ಜಗಲಿಯಲ್ಲಿ ಕೂತು ಹೊಸ ಅಂಚನ್ನು ಉಜ್ಜತೊಡಗಿದರು. ತಾತನಿಗೆ ಮೂರು ದಿನ ಸಾಕಾಗಿತ್ತು. ಒಂದೇ ಪಕ್ಕಕ್ಕೆ ಅಪ್ಪನಿಗೆ ಐದು ದಿನ ಬೇಕಾಯಿತು. ಪದ್ದತ್ತೆ ಬೆರಳಾಡಿಸಿ ನೋಡಿ, "ಪರವಾಗಿಲ್ಲ" ಎಂದು ಒಪ್ಪಿಕೊಂಡರು. ಸಂಡಿಗೆಯ ದಿನ ತಾರಸಿ ಹತ್ತಲು ಮಾತ್ರ ಅನುಮತಿ ಸಿಗಲಿಲ್ಲ.

ಆಯುಧಪೂಜೆಯ ದಿನ ಗುಂಡಮ್ಮ ಹಸಿರು ಸೀರೆಯುಟ್ಟ ಮದುವಣಗಿತ್ತಿಯ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಬಾಳೆಕಂದುಗಳನ್ನು ಮೂತಿಗೆ ಕಟ್ಟಿದೆವು, ಎಲ್ಲಿ ಕಟ್ಟಬೇಕೋ ಅಲ್ಲೇ. ಚಕ್ರದಡಿ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆದು ಹೊರಟೆವು. ಓಡಿಸುವವಳು ನಾನು. ನಾನು ಕಾರು ಓಡಿಸುವ ವೇಗಕ್ಕೆ ಹಸುಗಳೂ ಹಿಂದಿನಿಂದ ಹಾರನ್ ಮಾಡುತ್ತವೆ ಎಂದು ಪದ್ದತ್ತೆಯ ಆರೋಪ. ಅವರೂ ಅಪ್ಪನೂ ಹಿಂದೆ ಕೂತಿದ್ದರು. ತಾತ ಕೂರುತ್ತಿದ್ದ ಜಾಗದಲ್ಲಿ ಅಪ್ಪ, ಮೊಣಕಾಲುಗಳ ನಡುವೆ ಮಡಿಸಿದ ಕೊಡೆ.

ಅರಮನೆಯ ಹತ್ತಿರ ಬರುವಷ್ಟರಲ್ಲಿ ಮಳೆ ಹಿಡಿಯಿತು. ಗುಂಡಮ್ಮನ ವೈಪರ್ ಕೆಲಸ ಮಾಡುವುದಿಲ್ಲ, ಪಕ್ಕಕ್ಕೆ ನಿಲ್ಲಿಸಿದೆ. ಹೊಸ ಸೂರಿನ ಮೇಲೆ ಮಳೆ ತಮಟೆ ಬಾರಿಸಿತು. ಮೂವರೂ ಮೇಲೆ ನೋಡುತ್ತಾ ಕೂತೆವು. ಒಂದು ಹನಿ ಇಲ್ಲ. ಪದ್ದತ್ತೆ ಕೈ ಚಾಚಿ ಮೂಲೆ ಮೂಲೆ ಮುಟ್ಟಿ ನೋಡಿದರು. ನನಗೆ ಜೋರಾಗಿ ಕೂಗಬೇಕೆನ್ನಿಸಿತು, ಕೂಗಿಯೂಬಿಟ್ಟೆ.

ಹಿಂದಿನಿಂದ ಪಟ್ಟೆಂದು ಸದ್ದಾಯಿತು. ಅಪ್ಪ ಕೊಡೆ ಬಿಚ್ಚಿದ್ದರು. ಕಡ್ಡಿ ತಗುಲಿ ಪದ್ದತ್ತೆಯ ತುರುಬು ಬಿಚ್ಚಿಹೋಯಿತು.

"ಅಪ್ಪಾ, ಸೋರ್ತಿಲ್ಲ!" ಎಂದೆ.

ಕೊಡೆಯಡಿ ಅಪ್ಪನ ಮುಖ ಕಾಣಿಸುತ್ತಿಲ್ಲ. ಕೊಡೆ ಸಣ್ಣಗೆ ನಡುಗುತ್ತಿತ್ತು. ಮತ್ತೆ ಅಳುತ್ತಿದ್ದಾರೇನೋ ಎಂದು ಗಾಬರಿಯಾಗಿ, ಹಿಂದಕ್ಕೆ ತಿರುಗಿ ಕೊಡೆಯ ಅಂಚು ಎತ್ತಿದೆ. ಅಪ್ಪ ನಗುತ್ತಿದ್ದರು. ಮೈಯೆಲ್ಲ ಕುಲುಕಿಸಿಕೊಂಡು, ಸದ್ದಿಲ್ಲದೆ, ಕಣ್ಣಲ್ಲಿ ನೀರು ಸುರಿಯುವ ಹಾಗೆ ನಗುತ್ತಿದ್ದರು.

"ಅಪ್ಪ ಅವತ್ತು ಇದರೊಳಗೆ ಹಿಂಗೇ ಕೂತು ನಕ್ಕಿದಾರೆ ಕಣೇ ವಸು," ಎಂದರು. "ಹೊರಗಿರೋರಿಗೆ ಏನೂ ಕಾಣ್ಸೋದೇ ಇಲ್ಲ."